ಹಳದಿ ಹೂವೆಲ್ಲ ಸಾಸಿವೆಯಲ್ಲ

ಗೆಳೆಯ ಗೆಳತಿಯರೇ, ಕೆರೆ ನೀರು ಇಳಿದ ಮೇಲೆ ಅಂಗಳದ ಹಸಿ ಮಣ್ಣಲ್ಲಿ, ಗದ್ದೆ ಬದುವಿನಲ್ಲಿ, ಕಾಲುವೆ ಪಕ್ಕದಲ್ಲಿ ಸಣ್ಣ ಹಳದಿ ಹೂವಿನ ಗಿಡಗಳು ಏಳುತ್ತವೆ. ಹೆಸರು ಕೇಳಿದರೆ ಒಬ್ಬರು "ಕಾಡು ಸಾಸಿವೆ ಕಣೋ" ಅಂತಾರೆ. ಇನ್ನೊಬ್ಬರು "ಯಾವುದೋ ಕಳೆ, ಕಿತ್ತು ಬಿಸಾಕು" ಅಂತಾರೆ. ಎರಡೂ ಆತುರದ ಮಾತು ಎಂಬುದು ನನ್ನ ಅಭಿಪ್ರಾಯ. ಬಣ್ಣ ನೋಡಿ ಹೆಸರಿಡಬಾರದು, ಎಣಿಸಿ ಹೆಸರಿಡಬೇಕು.

ನಿಜವಾಗಿ ಸಾಸಿವೆ ಕುಟುಂಬಕ್ಕೇ ಸೇರಿದ ಒಂದು ಗಿಡ ಇಂಥ ತೇವದ ಜಾಗದಲ್ಲಿ ಬೆಳೆಯುತ್ತದೆ. ಅದರ ವೈಜ್ಞಾನಿಕ ಹೆಸರು ರೋರಿಪ್ಪ ಇಂಡಿಕ. ಹಳೆಯ ಪುಸ್ತಕಗಳಲ್ಲಿ ನಾಸ್ಟರ್ಷಿಯಂ ಇಂಡಿಕಂ ಎಂದಿರುತ್ತದೆ. ಗೇಣುದ್ದದಿಂದ ಮೊಳದುದ್ದ ಬೆಳೆಯುತ್ತದೆ. ಹೂವು ಅಕ್ಕಿ ಕಾಳಿನಷ್ಟೂ ಇರಲ್ಲ. ಭೂತಗನ್ನಡಿ ಹಿಡಿದು ನೋಡಿದರೆ 4 ದಳ ಶಿಲುಬೆಯಂತೆ ಕಾಣುತ್ತವೆ. ಕೇಸರ 6, ಅದರಲ್ಲಿ 4 ಉದ್ದ, 2 ಗಿಡ್ಡ. ಕಾಯಿ ಸಣ್ಣ ಕಡ್ಡಿಯಂತೆ ಸ್ವಲ್ಪ ಬಾಗಿರುತ್ತದೆ. ಒಣಗಿದರೆ ಸಿಪ್ಪೆ ಎರಡಾಗಿ ಬಿಚ್ಚಿ ನಡುವೆ ತೆಳ್ಳನೆ ಪರದೆ ಉಳಿಯುತ್ತದೆ.

ಈಗ ಮೋಸ ಮಾಡುವ ಗಿಡಗಳನ್ನು ನೋಡೋಣ. ಗದ್ದೆ ನೀರಲ್ಲಿ ಬೆಳೆಯುವ ಲುಡ್ವಿಜಿಯ ಗಿಡಕ್ಕೂ ಹಳದಿಯ 4 ದಳ ಇರುತ್ತವೆ. ಆದರೆ ಅದರ ಕಾಯಿ ದಳದ ಕೆಳಗಡೆ, ಉದ್ದನೆ ಲವಂಗದ ಹಾಗೆ ಇರುತ್ತದೆ. ನಾಯಿಸಾಸಿವೆಗೂ 4 ಹಳದಿ ದಳ, ಹೆಸರಲ್ಲೂ ಸಾಸಿವೆ. ಆದರೆ ಮುಟ್ಟಿದರೆ ಕೈಗೆ ಅಂಟುತ್ತದೆ, ಕೇಸರ ಆರಕ್ಕಿಂತ ಬಹಳ ಹೆಚ್ಚು. ಅದರ ಬೀಜವನ್ನು ಸಾಸಿವೆ ಥರ ಒಗ್ಗರಣೆಗೆ ಬಳಸುವುದುಂಟು. ಆದ್ದರಿಂದ ಹಿರಿಯರು ಇಟ್ಟ ಹೆಸರು ಸುಳ್ಳಲ್ಲ. ಅವರು ಅಡುಗೆಮನೆ ಲೆಕ್ಕ ಹಿಡಿದರು, ವಿಜ್ಞಾನ ಹೂವಿನ ಲೆಕ್ಕ ಹಿಡಿಯಿತು. ಇನ್ನೊಂದು ತಮಾಷೆ ಕೇಳಿ. ರೋರಿಪ್ಪ ಡೂಬಿಯ ಎಂಬ ತಂಗಿ ಗಿಡಕ್ಕೆ ಸಾಮಾನ್ಯವಾಗಿ ದಳವೇ ಇರುವುದಿಲ್ಲ! ಬಣ್ಣವನ್ನೇ ನಂಬಿದವರು ಅದನ್ನು ಹೇಗೆ ಗುರುತಿಸುತ್ತಾರೆ?

"ಹೆಸರು ತಿಳಿದು ಏನಾಗಬೇಕು, ಪರೀಕ್ಷೆಗೆ ಬರುತ್ತಾ?" ಎಂದು ಕೆಲವರು ಕೇಳಬಹುದು. ಅರಿಶಿನ ಉಮ್ಮತ್ತಿ ನಿಮಗೆ ಗೊತ್ತಲ್ಲ, ಮುಳ್ಳಿನ ಎಲೆ, ಮುರಿದರೆ ಹಳದಿ ಹಾಲು. ಅದರ ಬೀಜ ನೋಡಲು ಥೇಟ್ ಸಾಸಿವೆ. 1998ರಲ್ಲಿ ದೆಹಲಿಯಲ್ಲಿ ಅದರ ಎಣ್ಣೆ ಸಾಸಿವೆ ಎಣ್ಣೆಗೆ ಬೆರೆತು, ಮೈ ಊದುವ ಕಾಯಿಲೆ ಹರಡಿ 60ಕ್ಕೂ ಹೆಚ್ಚು ಜನ ಸತ್ತರು. ಒಂದರಂತೆ ಇನ್ನೊಂದು ಕಂಡ ಮಾತ್ರಕ್ಕೆ ಎರಡೂ ಒಂದೇ ಅಲ್ಲ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ? ಆದ್ದರಿಂದ ಗುರುತು ಸಿಗದ ಗಿಡವನ್ನು ಯಾರೂ ಬಾಯಿಗೆ ಹಾಕಬೇಡಿ.

2023ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆ ಆಯಿತು. ಆ ರಸ್ತೆಯ ಒಂದು ಭಾಗ ನಿಡಘಟ್ಟದವರೆಗೆ, ಇನ್ನೊಂದು ಭಾಗ ನಿಡಘಟ್ಟದಿಂದ. ಹೀಗೆ ನಮ್ಮೂರ ಹೆಸರು ಎಲ್ಲರಿಗೂ ಗೊತ್ತಾಯಿತು. ನಮ್ಮೂರ ನೀರಿನಂಚಿನ ಗಿಡದ ಹೆಸರು ಮಾತ್ರ ನಮಗೇ ಗೊತ್ತಿಲ್ಲ ಅಂದರೆ ಚೆನ್ನಾಗಿರುತ್ತಾ?

ನನ್ನ ಸಲಹೆ ಇಷ್ಟು. ಈ ಗೋಡೆ ಪತ್ರಿಕೆಯ ಒಂದು ಮೂಲೆ ಗಿಡಗಳಿಗೆ ಇರಲಿ. ಇಡೀ ಗಿಡ ಕೀಳದೆ ಒಂದು ಹೂವು, ಒಂದು ಕಾಯಿ ಮಾತ್ರ ತಂದು ಅಂಟಿಸೋಣ. ಎಲ್ಲಿ ಸಿಕ್ಕಿತು, ಯಾವ ದಿನ, ದಳ ಎಷ್ಟು, ಕೇಸರ ಎಷ್ಟು ಎಂದು ಬರೆಯೋಣ. ಮನೆಯಲ್ಲಿ ಅಜ್ಜಿ ಹೇಳುವ ಹೆಸರನ್ನೂ ಬರೆಯೋಣ. ಗುರುಗಳು ನೋಡಿ ಒಪ್ಪುವವರೆಗೆ ಹೆಸರಿನ ಜಾಗ ಖಾಲಿ ಇರಲಿ. ತಪ್ಪು ಹೆಸರಿಗಿಂತ ಖಾಲಿ ಜಾಗವೇ ಮೇಲು. ಖಾಲಿ ಇದ್ದರೆ ನಾಳೆ ಇನ್ನೊಬ್ಬರು ಹುಡುಕುತ್ತಾರೆ, ತಪ್ಪು ಬರೆದರೆ ಎಲ್ಲರೂ ಅದನ್ನೇ ನಕಲು ಮಾಡುತ್ತಾರೆ. ಏನಂತೀರಾ?

– 7ನೇ ತರಗತಿ ವಿದ್ಯಾರ್ಥಿನಿ, ನಿಡಘಟ್ಟ