ಬಿಡಿ ಹಾಳೆಗಳೂ ಕಟ್ಟಿದ ಹೊತ್ತಗೆಯೂ

ವಾರಪತ್ರಿಕೆಯ ಧಾರಾವಾಹಿಯನ್ನು ಕತ್ತರಿಸಿ ಕೂಡಿಟ್ಟು, ಕಥೆ ಮುಗಿದ ಮೇಲೆ ದಾರ ಹಾಕಿ ಹೊಲಿದು ಪುಸ್ತಕ ಮಾಡಿಕೊಳ್ಳುವ ಅಭ್ಯಾಸ ನಮ್ಮ ಅನೇಕ ಮನೆಗಳಲ್ಲಿ ಇತ್ತು. ಆ ಕೆಲಸ ಮಾಡಿದವರಿಗೆ ಅದರ ಕಷ್ಟವೂ ಗೊತ್ತು. ಒಂದು ಕಂತು ಕಳೆದರೆ ಕಥೆಯ ಎಳೆ ತಪ್ಪುತ್ತದೆ. ಕಂತಿನ ಸಂಖ್ಯೆಯಿದ್ದ ಅಂಚನ್ನೇ ಕತ್ತರಿ ನುಂಗಿಬಿಟ್ಟಿದ್ದರೆ ಯಾವುದರ ಅನಂತರ ಯಾವುದು ಎಂಬುದನ್ನು ಊಹೆಯಿಂದ ನಿರ್ಧರಿಸಬೇಕಾಗುತ್ತದೆ. ಕಥೆಯ ವಿಷಯದಲ್ಲಿ ಊಹೆ ತಪ್ಪಿದರೆ ನಷ್ಟವೇನೂ ದೊಡ್ಡದಲ್ಲ. ಆದರೆ ಇಂಥವೇ ಬಿಡಿ ಹಾಳೆಗಳ ರೂಪದಲ್ಲಿ ರೋಗಿಯ ಮೆದುಳೋ ಹೃದಯವೋ ವೈದ್ಯರ ಮುಂದೆ ಬಂದಾಗ, ಊಹೆಗೆ ಎಷ್ಟರ ಮಟ್ಟಿಗೆ ಎಡೆ ಕೊಡಬಹುದು? ಈ ವಾರ ಅದರ ವಿಚಾರ.

ಸಿ.ಟಿ. ಸ್ಕ್ಯಾನ್ ಎಂಬ ಮಾತು ಈಗ ಯಾರಿಗೂ ಹೊಸದಲ್ಲ. ಇಂಗ್ಲೆಂಡಿನ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ನಿರ್ಮಿಸಿದ ಯಂತ್ರದಿಂದ ರೋಗಿಯೊಬ್ಬರ ತಲೆಯ ಚಿತ್ರವನ್ನು ಮೊದಲ ಬಾರಿಗೆ ತೆಗೆದದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ. ಸಾಧಾರಣ ಎಕ್ಸ್-ರೇ ಚಿತ್ರವೆಂದರೆ ಮುಂದಿನದೂ ಹಿಂದಿನದೂ ಒಂದರ ಮೇಲೊಂದು ಬಿದ್ದ ನೆರಳು. ಹೌನ್ಸ್‌ಫೀಲ್ಡರ ಯಂತ್ರವಾದರೋ ತಲೆಯ ಒಳಭಾಗವನ್ನು ಸೌತೆಕಾಯಿಯ ಬಿಲ್ಲೆಗಳಂತೆ ಪದರ ಪದರವಾಗಿ ತೋರಿಸಿತು. ಅಂದಿನ ಒಂದು ಪದರದ ಚಿತ್ರದಲ್ಲಿ ಉದ್ದಕ್ಕೆ 80, ಅಡ್ಡಕ್ಕೆ 80, ಒಟ್ಟು 6,400 ಚೌಕಗಳು. ಇಂದು ಸಾಮಾನ್ಯವಾಗಿ 512ಕ್ಕೆ 512, ಎಂದರೆ ಎರಡೂವರೆ ಲಕ್ಷಕ್ಕೂ ಹೆಚ್ಚು. ಪದರಗಳು ಅಂದು ಬೆರಳಲ್ಲಿ ಎಣಿಸುವಷ್ಟು. ಇಂದು ಒಂದೇ ಪರೀಕ್ಷೆಯಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು.

ಆರಂಭದಲ್ಲಿ ಒಂದೊಂದು ಕಂಪೆನಿಯ ಯಂತ್ರಕ್ಕೂ ಒಂದೊಂದು ಭಾಷೆ; ಒಬ್ಬರ ಯಂತ್ರ ಬರೆದಿಟ್ಟದ್ದನ್ನು ಇನ್ನೊಬ್ಬರ ಯಂತ್ರ ಓದಲಾರದು. ಇದನ್ನು ಸರಿಪಡಿಸಲು 1983ರಲ್ಲಿ ಅಮೆರಿಕದ ರೇಡಿಯಾಲಜಿ ವೈದ್ಯರ ಸಂಸ್ಥೆಯೂ ವಿದ್ಯುತ್ ಉಪಕರಣ ತಯಾರಕರ ಸಂಘವೂ ಕೂಡಿ ಒಂದು ಸಮಿತಿಯನ್ನು ರಚಿಸಿದವು. 1985ರಲ್ಲಿ ಮೊದಲ ಮಾನದಂಡ ಹೊರಬಂತು. ಯಂತ್ರದಿಂದ ಯಂತ್ರಕ್ಕೆ ಜೋಡಿಸುವ, 50 ಪಿನ್ನುಗಳ ತಂತಿಯ ಕೊನೆ ಹೇಗಿರಬೇಕೆಂಬುದನ್ನೂ ಅದು ಗೊತ್ತುಮಾಡಿತ್ತು! 1993ರಲ್ಲಿ ಅದೇ ಬೆಳೆದು, ಕಂಪ್ಯೂಟರ್ ಜಾಲಗಳ ಮೂಲಕ ಚಿತ್ರಗಳನ್ನು ಕಳುಹಿಸಲು ಅನುಕೂಲವಾದ 'ಡೈಕಾಮ್' ಎಂಬ ಮಾನದಂಡವಾಯಿತು. ಒಂದೂರಿನಲ್ಲಿ ತೆಗೆದ ಸ್ಕ್ಯಾನನ್ನು ಇನ್ನೊಂದೂರಿನ ತಜ್ಞರು ಕುಳಿತಲ್ಲೇ ನೋಡಬಹುದಾದದ್ದು ಅದರ ಉಪಕಾರ. ಭಾರತ ಸರ್ಕಾರದ ಆರೋಗ್ಯ ಸಚಿವಾಲಯವು 2016ರಲ್ಲಿ ಪ್ರಕಟಿಸಿದ ಎಲೆಕ್ಟ್ರಾನಿಕ್ ಆರೋಗ್ಯ ದಾಖಲೆಗಳ ನಿಯಮಗಳೂ ವೈದ್ಯಕೀಯ ಚಿತ್ರಗಳಿಗೆ ಡೈಕಾಮನ್ನೇ ಸೂಚಿಸಿವೆ.

ಆದರೆ ಹುಟ್ಟುವಾಗ ಬಂದ ಒಂದು ಅಭ್ಯಾಸ ಅದನ್ನು ಬಿಡಲಿಲ್ಲ. ಒಂದು ಪದರಕ್ಕೆ ಒಂದು ಕಡತ ಎಂಬುದೇ ಆ ಅಭ್ಯಾಸ. ಯಂತ್ರವು ಒಂದೊಂದೇ ಪದರವನ್ನು ನಿಧಾನವಾಗಿ ತೆಗೆಯುತ್ತಿದ್ದ ಕಾಲಕ್ಕೆ ಅದು ತಕ್ಕುದಾಗಿತ್ತು. ಇಂದು ಸಾವಿರ ಪದರವಾದರೆ ಸಾವಿರ ಕಡತ. ಒಂದೊಂದರ ತಲೆಯಲ್ಲಿಯೂ ಅದೇ ರೋಗಿಯ ಹೆಸರು, ಅದೇ ಆಸ್ಪತ್ರೆ, ಅದೇ ಯಂತ್ರದ ವಿವರ. ಈ ಪುನರುಕ್ತಿಯನ್ನಾದರೂ ಸಹಿಸಬಹುದು. ನೋಡುವ ಕಡೆಯ ಕಂಪ್ಯೂಟರು ಅಷ್ಟನ್ನೂ ಬಿಚ್ಚಿ, ಪ್ರತಿಯೊಂದರ ಸ್ಥಾನವನ್ನು ಓದಿ, ಹೋಲಿಸಿ, ಸಾಲಾಗಿ ಜೋಡಿಸಬೇಕು. ಮಿಡಿಯುವ ಹೃದಯದ ಸ್ಕ್ಯಾನಿನಲ್ಲಿ ಒಂದೇ ಸ್ಥಾನದ ಪದರಕ್ಕೆ ಮಿಡಿತದ ಹತ್ತು ಕ್ಷಣಗಳ ಹತ್ತು ಚಿತ್ರಗಳಿರಬಹುದು. ಆಗ ಜೋಡಣೆ ಸ್ಥಾನದಿಂದಲೋ, ಕಾಲದಿಂದಲೋ? ಸಾಲದುದಕ್ಕೆ, ದಾರಿಯಲ್ಲಿ ಒಂದು ಕಡತ ತಪ್ಪಿಹೋದರೆ, ಒಟ್ಟು ಎಷ್ಟು ಬರಬೇಕಾಗಿತ್ತೆಂಬುದನ್ನು ಪಡೆದವರು ಖಚಿತವಾಗಿ ತಿಳಿಯುವುದೂ ಕಷ್ಟ.

ಎಂ.ಆರ್. ಸ್ಕ್ಯಾನಿನ ಒಂದು ಉದಾಹರಣೆಯಿಂದ ಇದರ ಗಾಂಭೀರ್ಯ ತಿಳಿದೀತು. ಪಾರ್ಶ್ವವಾಯು ಬಡಿದಾಗ ಮೆದುಳಿನ ಯಾವ ಭಾಗಕ್ಕೆ ಪೆಟ್ಟಾಗಿದೆಯೆಂಬುದನ್ನು ಬಹುಬೇಗ ತೋರಿಸುವ ವಿಧಾನವೊಂದುಂಟು. ಮೆದುಳಿನಲ್ಲಿ ನೀರಿನ ಕಣಗಳು ಎಷ್ಟು ಸರಾಗವಾಗಿ ಚಲಿಸುತ್ತಿವೆ ಎಂಬುದನ್ನು ಅದು ಅಳೆಯುತ್ತದೆ. ಅದಕ್ಕಾಗಿ ಅದೇ ಪದರಗಳನ್ನು ಬೇರೆ ಬೇರೆ ಹದದಲ್ಲಿ ಮತ್ತೆ ಮತ್ತೆ ತೆಗೆಯುತ್ತಾರೆ. ಯಾವ ಚಿತ್ರ ಯಾವ ಹದದ್ದು ಎಂಬುದನ್ನು ಸೂಚಿಸುವ ಅಂಕಿಗೆ 'ಬಿ-ಮೌಲ್ಯ' ಎಂದು ಹೆಸರು. ಅದಿಲ್ಲದೆ ಲೆಕ್ಕ ನಡೆಯದು. ಹಳೆಯ ಮಾನದಂಡದಲ್ಲಿ ಈ ಅಂಕಿಗೆ ಗೊತ್ತಾದ ಜಾಗವೇ ಇರಲಿಲ್ಲ. ತಯಾರಕರು ತಂತಮ್ಮ ಖಾಸಗಿ ಮೂಲೆಗಳಲ್ಲಿ ಅದನ್ನು ಬರೆದಿಡುತ್ತಿದ್ದರು. ಮೂಲೆ ತಿಳಿದವನಿಗೆ ಅದು ಅಂಕಿ; ತಿಳಿಯದವನಿಗೆ ಇಲ್ಲದ್ದೇ ಸರಿ.

ಇದಕ್ಕೆ ಪರಿಹಾರ ಸಿದ್ಧವಾಗಿ ಎರಡು ದಶಕಗಳ ಮೇಲಾಯಿತು. 2002ರಲ್ಲಿ ಎಂ.ಆರ್. ಚಿತ್ರಗಳಿಗೂ, ಅದರ ಬೆನ್ನಿಗೇ ಸಿ.ಟಿ. ಚಿತ್ರಗಳಿಗೂ ಡೈಕಾಮಿನಲ್ಲಿ 'ಎನ್‌ಹ್ಯಾನ್ಸ್‌ಡ್' ಎಂಬ ಸುಧಾರಿತ ರೂಪವನ್ನು ಗೊತ್ತುಮಾಡಲಾಯಿತು. ಬಿಡಿ ಹಾಳೆಗಳ ಬದಲು ಕಟ್ಟಿದ ಹೊತ್ತಗೆ. ಎಲ್ಲ ಪದರಗಳಿಗೂ ಸಮಾನವಾದ ವಿವರ ಒಂದೇ ಸಲ, ಮೊದಲಲ್ಲಿ. ಪದರದಿಂದ ಪದರಕ್ಕೆ ಬದಲಾಗುವ ವಿವರ ಮಾತ್ರ ಆಯಾ ಪದರದ ಲೆಕ್ಕದಲ್ಲಿ. ಪದರಗಳು ಒಟ್ಟು ಎಷ್ಟು, ಅವನ್ನು ಸ್ಥಾನದಿಂದ ಜೋಡಿಸಬೇಕೋ ಕಾಲದಿಂದಲೋ ಬಿ-ಮೌಲ್ಯದಿಂದಲೋ ಎಂಬುದಕ್ಕೆಲ್ಲ ವಿಷಯಸೂಚಿಯಂಥ ಏರ್ಪಾಡು. ಬಿ-ಮೌಲ್ಯಕ್ಕೂ ಎಲ್ಲರಿಗೂ ಕಾಣುವ ಸ್ಥಿರವಾದ ಜಾಗ. ಹಳೆಯ ಬಿಡಿ ಕಡತಗಳನ್ನು ಒಂದಾಗಿ ಕಟ್ಟುವ ಮಾರ್ಗವನ್ನೂ ಅನಂತರ ಸೇರಿಸಿದರು. ಮೂಲದಲ್ಲಿ ಇಲ್ಲದ ವಿವರಗಳನ್ನು ಸೃಷ್ಟಿಸಿ ತುಂಬಬೇಕೆಂದು ಅದು ಒತ್ತಾಯಿಸುವುದಿಲ್ಲ.

ಹಾಗಾದರೆ ಎಲ್ಲ ಕಡೆಯೂ ಇದೇ ಏಕೆ ಬಳಕೆಗೆ ಬರಲಿಲ್ಲ? ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ನೋಡುವ ಕಂಪ್ಯೂಟರುಗಳು ಹೊಸ ರೂಪವನ್ನು ಓದಲಾರವೆಂದು ಸ್ಕ್ಯಾನ್ ಯಂತ್ರಗಳು ಹಳೆಯದನ್ನೇ ಕಳುಹಿಸುತ್ತವೆ. ಯಂತ್ರಗಳು ಹೊಸದನ್ನು ಕಳುಹಿಸುತ್ತಿಲ್ಲವೆಂದು ನೋಡುವ ಕಡೆಯವರು ಓದುವ ಏರ್ಪಾಡು ಮಾಡುವುದಿಲ್ಲ. ಹೊಸ ರೂಪವನ್ನು ಬಲ್ಲ ಯಂತ್ರ ಬಂದ ಮೇಲೂ, ಹಳೆಯ ವ್ಯವಸ್ಥೆಯೊಡನೆ ಹೊಂದಿಕೊಳ್ಳಲೆಂದು ಅದನ್ನು ಹಳೆಯ ರೀತಿಗೇ ತಿರುಗಿಸಿಡುವುದುಂಟು.

ಇಷ್ಟು ವರ್ಷ ಈ ಕೊರತೆಯನ್ನು ಮುಚ್ಚಿದ್ದು ವೈದ್ಯರ ಕಣ್ಣು. ಪದರಗಳನ್ನು ಒಂದಾದ ಮೇಲೊಂದರಂತೆ ಸರಿಸುತ್ತ ಹೋಗುವ ಅನುಭವಿ, ನಡುವೆ ಒಂದು ಹಾರಿದರೆ ಗುರುತಿಸಬಲ್ಲ. ಆದರೆ ಈಗ ಗೆಡ್ಡೆಯ ಗಾತ್ರವನ್ನು ಅಳೆಯುವುದು, ಹಿಂದಿನ ಸ್ಕ್ಯಾನಿನೊಡನೆ ಹೋಲಿಸುವುದು, ಸಂಶಯದ ಜಾಗಗಳನ್ನು ಗುರುತುಮಾಡುವುದು ಮುಂತಾದ ಕೆಲಸಗಳು ಕಂಪ್ಯೂಟರಿನ ಪಾಲಿಗೆ ಬರುತ್ತಿವೆ. ಅದಕ್ಕೆ ಅನುಮಾನ ಬರುವುದಿಲ್ಲ. ಕೊಟ್ಟದ್ದನ್ನು ಕೂಡುತ್ತದೆ, ಅಷ್ಟೆ. ನಡುವಿನ ಪದರಗಳು ಬಿಟ್ಟುಹೋಗಿದ್ದು, ಅದನ್ನು ಪರೀಕ್ಷಿಸುವ ಏರ್ಪಾಡೂ ಇಲ್ಲದಿದ್ದರೆ, ಬೆಳೆದ ಗೆಡ್ಡೆಯೂ ಕುಗ್ಗಿದಂತೆ ಲೆಕ್ಕ ಬಂದೀತು. ಯಾವ ಪದರ ಎಲ್ಲಿಯದು, ಯಾವ ಕ್ಷಣದ್ದು ಎಂಬುದು ಚಿತ್ರ ತೆಗೆದ ಯಂತ್ರಕ್ಕೆ ಚೆನ್ನಾಗಿ ಗೊತ್ತು. ಗೊತ್ತಿದ್ದವನು ಬರೆದಿಡದೆ, ಮುಂದಿನವನು ಊಹಿಸಲಿ ಎಂದು ಬಿಡುವುದು ಯಾವ ನ್ಯಾಯ?

ಹೊಸ ಯಂತ್ರ ಕೊಳ್ಳುವ ಆಸ್ಪತ್ರೆಗಳು ಸುಧಾರಿತ ರೂಪವನ್ನು ಕಳುಹಿಸುವ ಶಕ್ತಿ ಯಂತ್ರಕ್ಕೂ, ಓದುವ ಶಕ್ತಿ ನೋಡುವ ಕಂಪ್ಯೂಟರಿಗೂ ಇರಬೇಕೆಂದು ಒಂದೇ ಕಾಲಕ್ಕೆ ಕೇಳಿದರೆ ಗಾದೆಯ ಗಂಟು ಬಿಚ್ಚಿಕೊಳ್ಳುತ್ತದೆ.

ಗೃಹಸ್ಥರಾದ ನಾವು ಮಾಡಬಹುದಾದದ್ದೂ ಒಂದಿದೆ. ಸ್ಕ್ಯಾನಿನ ಪ್ರತಿಯೊಂದು ಚೌಕದ ಹಿಂದೆಯೂ ಒಂದು ಅಂಕಿಯಿದೆ. ಸಿ.ಟಿ.ಯಲ್ಲಿ ನೀರಿಗೆ 0, ಗಾಳಿಗೆ ಮೈನಸ್ 1000. ಈ ಅಳತೆಗೆ ಹೌನ್ಸ್‌ಫೀಲ್ಡರ ಹೆಸರನ್ನೇ ಇಟ್ಟಿದ್ದಾರೆ. ಆ ಅಂಕಿಗಳಿಂದ ವೈದ್ಯರು ಬೇಕಾದಾಗ ಶ್ವಾಸಕೋಶವನ್ನೋ ಮೂಳೆಯನ್ನೋ ಎತ್ತಿ ತೋರಿಸಿಕೊಳ್ಳಬಲ್ಲರು. ಫಿಲ್ಮಿನಲ್ಲಿ ಉಳಿಯುವುದು ಅವರು ಆರಿಸಿದ ಕೆಲವು ನೋಟಗಳು ಮಾತ್ರ. ಫಿಲ್ಮಿನ ಫೋಟೋ ತೆಗೆದು ಮೊಬೈಲಿನಲ್ಲಿ ಕಳುಹಿಸಿದರೆ ಅದೂ ಮಸುಕು. ಆದ್ದರಿಂದ ಪರೀಕ್ಷೆ ಮುಗಿದಾಗ ಫಿಲ್ಮು, ವರದಿಗಳ ಜೊತೆಗೆ ಪೂರ್ತಿ ಡೈಕಾಮ್ ಕಡತಗಳಿರುವ ಸಿ.ಡಿ.ಯನ್ನೋ ಬೇರೆ ರೂಪದ ಪ್ರತಿಯನ್ನೋ ಕೇಳಿ ಪಡೆಯಿರಿ. ಅದರಿಂದ ಒಂದು ಕಡತವನ್ನೂ ತೆಗೆಯದೆ, ಹೆಸರು ಬದಲಿಸದೆ, ಇದ್ದಂತೆಯೇ ಜೋಪಾನ ಮಾಡಿ. ಎರಡು ವರ್ಷದ ಮೇಲೆ ಇನ್ನೊಬ್ಬ ವೈದ್ಯರು 'ಹಿಂದಿನದು ಇದೆಯೇ?' ಎಂದು ಕೇಳಿದಾಗ, ಉತ್ತರ ನಿಮ್ಮ ಬೀರುವಿನಲ್ಲಿರಲಿ.