ಲಾಕರ್ಬಿ ವಿಮಾನ ಸ್ಫೋಟ: ಸರ್ಕಾರಗಳ ಮಾತು ಎಷ್ಟು ನಂಬಲರ್ಹ?

ಸ್ಕಾಟ್ಲೆಂಡಿನ ಲಾಕರ್ಬಿ ಎಂಬ ಸಣ್ಣ ಊರಿನ ಮೇಲೆ 1988ರ ಡಿಸೆಂಬರ್ 21ರ ರಾತ್ರಿ ಅಮೆರಿಕದ ಪ್ಯಾನ್ ಆಮ್ ಕಂಪನಿಯ ವಿಮಾನವೊಂದು ಬಾಂಬಿನಿಂದ ಛಿದ್ರವಾಗಿ ಬಿತ್ತು. ವಿಮಾನದಲ್ಲಿದ್ದ 259 ಜನರೂ ಊರಿನ 11 ಜನರೂ ಸತ್ತರು. ಇದು ಘೋರ ಕೊಲೆ. ಮಾಡಿದವರು ಯಾರೇ ಆಗಲಿ, ಅವರಿಗೆ ಶಿಕ್ಷೆಯಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಯಾರಾದರೊಬ್ಬನಿಗೆ ಶಿಕ್ಷೆಯಾದರೆ ಸಾಕು ಎಂಬ ನ್ಯಾಯವನ್ನು ನಾವು ಒಪ್ಪಲಾರೆವು.

ಅಮೆರಿಕ ಮತ್ತು ಬ್ರಿಟನ್ ಸರ್ಕಾರಗಳು ಹೇಳುವುದು ಇಷ್ಟು: ಲಿಬಿಯದ ಗುಪ್ತಚರ ಮೆಗ್ರಾಹಿ ಎಂಬವನು ಮಾಲ್ಟಾ ದ್ವೀಪದ ಒಂದು ಅಂಗಡಿಯಲ್ಲಿ ಬಟ್ಟೆ ಕೊಂಡ. ರೇಡಿಯೋದೊಳಗೆ ಅಡಗಿಸಿದ ಬಾಂಬನ್ನು ಆ ಬಟ್ಟೆಗಳ ನಡುವೆ ಪೆಟ್ಟಿಗೆಯಲ್ಲಿ ಇಡಲಾಯಿತು. ಆ ಪೆಟ್ಟಿಗೆ ವಾರಸುದಾರನಿಲ್ಲದೆ ಮಾಲ್ಟಾದಿಂದ ಫ್ರಾಂಕ್‌ಫರ್ಟಿಗೆ, ಅಲ್ಲಿಂದ ಲಂಡನ್ನಿಗೆ, ಅಲ್ಲಿಂದ ಆ ವಿಮಾನಕ್ಕೆ ಹೋಯಿತು. 2001ರ ಜನವರಿ 31ರಂದು ಸ್ಕಾಟ್ಲೆಂಡಿನ ಮೂವರು ನ್ಯಾಯಾಧೀಶರು ಹಾಲೆಂಡಿನಲ್ಲಿ ಕುಳಿತು, ಜ್ಯೂರಿಯಿಲ್ಲದೆ, ಮೆಗ್ರಾಹಿಗೆ ಜೀವಾವಧಿ ಶಿಕ್ಷೆ ವಿಧಿಸಿದರು. ಇಬ್ಬರೂ ಸೇರಿ ಮಾಡಿದ ಕೃತ್ಯವೆಂದು ಸರ್ಕಾರ ಹೇಳಿತ್ತು. ಆದರೆ ಇನ್ನೊಬ್ಬ ಆರೋಪಿ ಅದೇ ದಿನ ನಿರ್ದೋಷಿಯೆಂದು ಬಿಡುಗಡೆಯಾದ.

ಮೊದಲು ಬಟ್ಟೆಯ ವಿಚಾರ. ಸುಟ್ಟ ಚೂರುಗಳಿಂದ ಅವು ಮಾಲ್ಟಾದ ಅಂಗಡಿಯವೆಂದು ಪೊಲೀಸರು ಪತ್ತೆ ಮಾಡಿದರು. ಅದು ಜಾಣತನದ ಕೆಲಸವೇ ಸರಿ. ಆದರೆ ಬಟ್ಟೆಯ ಚೂರು ತಾನು ಎಲ್ಲಿ ತಯಾರಾಯಿತೆಂದು ಹೇಳೀತು, ಯಾರ ಕೈಗೆ ಹೋಯಿತೆಂದು ಹೇಳದು. ಇದು ಗಿರಣಿಯಲ್ಲಿ ದುಡಿಯುವ ನಮ್ಮ ಓದುಗರಿಗೆ ತಿಳಿಯದ್ದಲ್ಲ. ಅದನ್ನು ಹೇಳಬೇಕಾದವನು ಅಂಗಡಿಕಾರ. ಪೊಲೀಸರು ಅವನನ್ನು ಮೊದಲು ವಿಚಾರಿಸಿದ್ದು 1989ರ ಸೆಪ್ಟೆಂಬರಿನಲ್ಲಿ, ವ್ಯಾಪಾರ ನಡೆದು ಒಂಬತ್ತು ತಿಂಗಳ ಮೇಲೆ. ಜವಳಿ ವ್ಯಾಪಾರಿ ಮಿತ್ರರನ್ನೇ ಕೇಳುತ್ತೇವೆ: ಒಮ್ಮೆ ಬಂದು ನಗದು ಕೊಟ್ಟು ಹೋದ ಗಿರಾಕಿಯ ಮುಖವನ್ನು ಒಂಬತ್ತು ತಿಂಗಳ ಮೇಲೆ ನೀವು ಆಣೆ ಇಟ್ಟು ಹೇಳಬಲ್ಲಿರಾ?

ಆ ಅಂಗಡಿಕಾರ ಮೊದಲು ವರ್ಣಿಸಿದ ಗಿರಾಕಿ ಸುಮಾರು ಐವತ್ತು ವರ್ಷದವನು, ಆರಡಿಗೂ ಮೀರಿದ ಆಳು. ಮೆಗ್ರಾಹಿಗೆ ಆಗ 36 ವರ್ಷ. ಎತ್ತರ ಐದು ಅಡಿ ಎಂಟು ಅಂಗುಲ. 1999ರಲ್ಲಿ ಗುರುತಿನ ಪೆರೇಡ್ ನಡೆಯುವ ಕೆಲವೇ ದಿನ ಮೊದಲು ಮೆಗ್ರಾಹಿಯ ಚಿತ್ರವಿದ್ದ ಪತ್ರಿಕೆಯನ್ನು ಸಾಕ್ಷಿ ನೋಡಿದ್ದ. ಆಗಲೂ "ಹೋಲುತ್ತಾನೆ" ಎಂಬಂತೆ ಹೇಳಿದನೇ ಹೊರತು ಖಚಿತವಾಗಿ ಹೇಳಲಿಲ್ಲ. ಸ್ಕಾಟ್ಲೆಂಡಿನ ಅಪರಾಧ ಪ್ರಕರಣಗಳ ಪುನರ್ವಿಮರ್ಶಾ ಆಯೋಗ 2007ರಲ್ಲಿ ಎಲ್ಲವನ್ನೂ ಶೋಧಿಸಿ, ಆರು ಕಾರಣಗಳಿಂದ ಇಲ್ಲಿ ಅನ್ಯಾಯವಾಗಿರಬಹುದೆಂದಿತು. ಬಟ್ಟೆಯನ್ನು ಡಿಸೆಂಬರ್ 7ರಂದೇ, ಅಂದರೆ ಮೆಗ್ರಾಹಿ ಮಾಲ್ಟಾದಲ್ಲಿದ್ದ ದಿನವೇ, ಕೊಳ್ಳಲಾಯಿತೆಂಬುದಕ್ಕೆ ಸಮಂಜಸ ಆಧಾರವಿಲ್ಲವೆಂದಿತು. ವಿಚಾರಣೆ ಮುಗಿದ ಮೇಲೆ ಅಮೆರಿಕದಿಂದ ಅಂಗಡಿಕಾರನಿಗೆ 20 ಲಕ್ಷ ಡಾಲರಿಗೂ, ಅವನ ತಮ್ಮನಿಗೆ 10 ಲಕ್ಷ ಡಾಲರಿಗೂ ಮೀರಿ ಬಹುಮಾನ ಸಂದದ್ದನ್ನೂ ಅದು ಕಂಡುಕೊಂಡಿತು. ತೂಗುವ ಕಲ್ಲಿಗೇ ಇಷ್ಟು ಹಣ ಅಂಟಿಕೊಂಡರೆ ತಕ್ಕಡಿ ಸರಿಯಾಗಿ ನಿಂತೀತೆ?

ಇನ್ನೊಬ್ಬ ಸಾಕ್ಷಿಯೂ ಇದ್ದ. ಲಂಡನ್ನಿನ ಹೀಥ್ರೂ ನಿಲ್ದಾಣದಲ್ಲಿ ಸಾಮಾನು ತುಂಬುವ ಕೂಲಿಕಾರ. ತಾನು ಚಹಾ ಕುಡಿದು ಬರುವಷ್ಟರಲ್ಲಿ, ಫ್ರಾಂಕ್‌ಫರ್ಟಿನ ವಿಮಾನ ಇನ್ನೂ ಇಳಿಯುವ ಮೊದಲೇ, ತಾನಿಡದ ಎರಡು ಪೆಟ್ಟಿಗೆಗಳು ಆ ಕಂಟೇನರಿನಲ್ಲಿದ್ದವೆಂದು ಆತ ಸ್ಫೋಟವಾದ ಕೆಲವೇ ವಾರಗಳಲ್ಲಿ ಹೇಳಿದ. ಹಿಂದಿನ ರಾತ್ರಿ ಅದೇ ನಿಲ್ದಾಣದ ಒಂದು ಬಾಗಿಲಿನ ಬೀಗ ಕತ್ತರಿಸಿತ್ತೆಂಬ ಸಂಗತಿ ಶಿಕ್ಷೆಯಾದ ಮೇಲಷ್ಟೇ ಬೆಳಕಿಗೆ ಬಂತು. ಬಾಂಬು ಲಂಡನ್ನಿನಲ್ಲೇ ಸೇರಿದ್ದರೆ ಮಾಲ್ಟಾದ ಕಥೆಯೆಲ್ಲ ಕುಸಿಯುತ್ತದೆ. ಮಾಲ್ಟಾದಲ್ಲಿ ಪೆಟ್ಟಿಗೆ ವಿಮಾನ ಹತ್ತಿದ್ದು ಹೇಗೆಂದು ತೋರಿಸಲಾಗದ್ದು ಸರ್ಕಾರಿ ಪಕ್ಷಕ್ಕೆ ದೊಡ್ಡ ತೊಡಕೆಂದು ನ್ಯಾಯಾಧೀಶರೇ ಒಪ್ಪಿದರು, ಒಪ್ಪಿಯೂ ಶಿಕ್ಷಿಸಿದರು. ಬಹುಮಾನ ಪಡೆದವನ ತಡವಾದ ನೆನಪಿಗೆ ಮನ್ನಣೆ, ದುಡಿಯುವವನ ತಾಜಾ ಮಾತಿಗೆ ಅಸಡ್ಡೆ!

ಎದುರು ಪಕ್ಷದ ಮಾತನ್ನೂ ಮುಚ್ಚಿಡುವುದಿಲ್ಲ. ಮೇಲ್ಮನವಿಗಳು 2002ರಲ್ಲೂ 2021ರಲ್ಲೂ ವಜಾ ಆದವು. ಲಿಬಿಯ 2003ರಲ್ಲಿ ತನ್ನ ಅಧಿಕಾರಿಗಳ ಕೃತ್ಯಕ್ಕೆ ಹೊಣೆ ಹೊತ್ತು 270 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. ಆದರೆ ದಿಗ್ಬಂಧನದಿಂದ ಪಾರಾಗಲು, ಶಾಂತಿಯ ಬೆಲೆಯಾಗಿ ಇದನ್ನು ಕೊಟ್ಟೆವೆಂದು ಅದರ ಪ್ರಧಾನಿಯೇ 2004ರಲ್ಲಿ ಹೇಳಿದರು. ಮಸೂದ್ ಎಂಬ ಮತ್ತೊಬ್ಬ ಲಿಬಿಯನ್ 2022ರಲ್ಲಿ ಅಮೆರಿಕದ ವಶಕ್ಕೆ ಬಂದ. ಬಾಂಬು ತಯಾರಿಸಿದ್ದು ಅವನೇ ಎಂಬುದು ಆರೋಪ, ಅದಕ್ಕೆ ಆಧಾರ ಲಿಬಿಯದ ಬಂಧನದಲ್ಲಿ 2012ರಲ್ಲಿ ಪಡೆದರೆನ್ನುವ ತಪ್ಪೊಪ್ಪಿಗೆ. ಆತ ಆರೋಪವನ್ನು ನಿರಾಕರಿಸಿದ್ದಾನೆ.

1988ರ ಜುಲೈ 3ರಂದು ಅಮೆರಿಕದ ಯುದ್ಧನೌಕೆ ಇರಾನಿನ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿ 290 ಜನರನ್ನು ಕೊಂದಿತ್ತು. ಲಾಕರ್ಬಿಯ ತನಿಖೆಯೂ ಮೊದಲು ಇರಾನಿನತ್ತ, ಸಿರಿಯದ ಆಶ್ರಯದಲ್ಲಿದ್ದ ಪ್ಯಾಲೆಸ್ತೀನಿ ಗುಂಪಿನತ್ತ ತಿರುಗಿತ್ತು. 1990ರಲ್ಲಿ ಕುವೈತಿನ ಬಿಕ್ಕಟ್ಟು ಬಂದು, ಸಿರಿಯ ಅಮೆರಿಕದ ಪಾಳೆಯ ಸೇರಿತು. 1991ರ ನವೆಂಬರಿನಲ್ಲಿ ಆರೋಪ ಬಿದ್ದದ್ದು ಲಿಬಿಯನ್ನರ ಮೇಲೆ ಮಾತ್ರ. ಇದು ಸಾಕ್ಷ್ಯದ ಬಲದಿಂದಾಯಿತೋ ರಾಜಕೀಯದ ಅನುಕೂಲದಿಂದಾಯಿತೋ ಎಂದು ಜನ ಕೇಳಿದರೆ ತಪ್ಪೇನು? ಉತ್ತರ ಕೊಡಬಲ್ಲ ಒಂದು ವಿದೇಶಿ ದಾಖಲೆಯನ್ನು ಬ್ರಿಟಿಷ್ ಸರ್ಕಾರ 2008ರಲ್ಲೂ 2020ರಲ್ಲೂ ರಾಷ್ಟ್ರಹಿತದ ಹೆಸರಿನಲ್ಲಿ ಬಚ್ಚಿಟ್ಟಿತು.

ಮೆಗ್ರಾಹಿ ಕ್ಯಾನ್ಸರಿನಿಂದ 2012ರಲ್ಲಿ ಸತ್ತ. ಮಗಳನ್ನು ಕಳೆದುಕೊಂಡ ಡಾ. ಜಿಮ್ ಸ್ವೈರ್ ವಿಚಾರಣೆಯಲ್ಲಿ ಕುಳಿತು ಎಲ್ಲವನ್ನೂ ಕೇಳಿ, ಈತ ನಿರಪರಾಧಿಯೆಂದೇ ನಂಬಿದರು. ಮಗಳ ರಕ್ತಕ್ಕೆ ನ್ಯಾಯ ಬೇಕೆನ್ನುವ ತಂದೆಯೇ ಹೀಗೆ ಹೇಳುವಾಗ ಅದನ್ನು ದೇಶದ್ರೋಹಿಯ ಕುಚೋದ್ಯವೆಂದು ತಳ್ಳಲಾಗದು. ಅಸಲು ಅಪರಾಧಿ ಯಾರೆಂದು ತೀರ್ಪು ಕೊಡಲು ನಾವು ಹೊರಟಿಲ್ಲ. ಮುಚ್ಚಿದ ಕಡತಗಳನ್ನು ತೆರೆಯಿರಿ, ಸಾಕ್ಷಿಗೆ ಬಹುಮಾನ ಕೊಡುವ ಪದ್ಧತಿಯನ್ನು ಬಿಡಿರಿ, ಹೀಥ್ರೂವಿನ ಕಾರ್ಮಿಕನ ಮಾತನ್ನು ಮತ್ತೆ ಪರೀಕ್ಷಿಸಿರಿ ಎಂಬುದಷ್ಟೇ ನಮ್ಮ ಒತ್ತಾಯ. ಸತ್ತ 270 ಜನರಿಗೆ ಅಷ್ಟಾದರೂ ಸಲ್ಲಬೇಕು.