ಗುಡ್ಡ ಕುಸಿದರೆ ದೂರು ಯಾರ ಮೇಲೆ?

ಕುಂಸಿಯಿಂದ ಪಡುವಲಿಗೆ ಹೊರಟ ಲಾರಿ ಸಾಗರ ದಾಟಿ, ಘಾಟಿ ಇಳಿದೇ ಹೊನ್ನಾವರ ಸೇರಬೇಕು. ಆಗುಂಬೆ, ಹುಲಿಕಲ್ಲುಗಳ ಕಥೆಯೂ ಅದೇ. ನಮ್ಮ ಅಂಗಡಿಗಳ ಸರಕೂ ಡ್ರೈವರು, ಕ್ಲೀನರುಗಳ ಹೊಟ್ಟೆಪಾಡೂ ಈ ಇಳಿಜಾರುಗಳನ್ನು ನೆಚ್ಚಿವೆ. ಆದ್ದರಿಂದ ಗುಡ್ಡ ಏಕೆ ಜಾರುತ್ತದೆಂಬುದು ಪಂಡಿತರ ಕಾಲಕ್ಷೇಪದ ವಿಷಯವಲ್ಲ.

2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಮನೆಮಾರು ಮಣ್ಣುಪಾಲಾದಾಗ ಜನ ನೆನೆದದ್ದು ಜುಲೈ 9ರ ಭೂಕಂಪನವನ್ನು. ಕಾಲಡಿಯ ನೆಲ ನಡುಗಿದ್ದನ್ನು ಕಂಡವರು ಹಾಗೆ ಎಣಿಸಿದ್ದು ಸಹಜ. ಆದರೆ ಅದರ ಪ್ರಮಾಣ ಬರೀ 3.4. ಸುಮಾರು 4ಕ್ಕಿಂತ ಕೆಳಗಿನ ಕಂಪನ ಗುಡ್ಡ ಕೆಡವಿದ್ದು ಅಪರೂಪ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಸ್ಥಳ ನೋಡಿ ಹೇಳಿದ ಕಾರಣ: ವಿಪರೀತ ಮಳೆ, ಮತ್ತು ಇಳಿಜಾರನ್ನು ಮನಬಂದಂತೆ ಕಡಿದದ್ದು. ಮಳೆಗೆ ನೋಟೀಸು ಕೊಡಲಾಗದು, ಒಪ್ಪೋಣ. ಕಡಿದವರಿಗೆ, ಕಡಿಯಲು ಅಪ್ಪಣೆಯಿತ್ತವರಿಗೆ ವಿಳಾಸವಿಲ್ಲವೇ?

ಭೂಕಂಪ ಬೆಟ್ಟ ಕೆಡವುವುದಿಲ್ಲವೆಂದು ನಾವು ಹೇಳುತ್ತಿಲ್ಲ. 1950ರ ಆಗಸ್ಟ್ 15ರಂದು ಅಸ್ಸಾಮಿನ ಗಡಿಯಲ್ಲಿ 8.6 ಪ್ರಮಾಣದ ಕಂಪವಾಗಿ, ಕುಸಿದ ಬೆಟ್ಟ ಸುಬನ್‌ಸಿರಿ ನದಿಗೆ ಅಡ್ಡಗಟ್ಟೆಯಾಯಿತು. ಕೆಲವು ದಿನಗಳ ಮೇಲೆ ಅದು ಒಡೆದು ಕೆಳಗಿನ ಊರುಗಳಲ್ಲಿ ನೂರಾರು ಮಂದಿ ಸತ್ತರು. ಕಂಪದಲ್ಲಿ ಉಳಿದವರನ್ನು ನೀರು ಕೊಂದಿತು.

ಇದರ ಲೆಕ್ಕ ಮಂಡಿಯ ಹಮಾಲನಿಗೆ ಅರ್ಥವಾಗದ್ದೇನಲ್ಲ. ಲಾರಿಗೆ ಓರೆಯಾಗಿ ಹಾಕಿದ ಹಲಗೆಯ ಮೇಲೆ ಮೂಟೆ ಇಡಿ, ನಿಲ್ಲುತ್ತದೆ. ಲಾರಿ ಕುಲುಕಿದರೆ ಕುಲುಕಿದಷ್ಟು ಸಲ ಇಷ್ಟಿಷ್ಟೇ ಜಾರುತ್ತದೆ. ಹಲಗೆ ಒದ್ದೆಯಾಗಿದ್ದರೆ ಸಣ್ಣ ಕುಲುಕೂ ಸಾಕು. ಎಂಜಿನಿಯರ್ ನ್ಯೂಮಾರ್ಕ್ 1965ರಲ್ಲಿ ಸೂತ್ರಕ್ಕಿಳಿಸಿದ್ದು ಈ ಮೂಟೆಯ ಲೆಕ್ಕವನ್ನೇ. ಬೆಟ್ಟದ ಓರೆ, ಮಣ್ಣಿನ ಬಿಗಿ, ಒಳಗಿನ ನೀರು, ಕಂಪನದ ಬಲ ಇಷ್ಟು ಕೊಟ್ಟರೆ ಇಂದಿನ ಕಂಪ್ಯೂಟರು ಎಲ್ಲಿ ಎಷ್ಟು ಜಾರೀತೆಂದು ಅಂದಾಜು ಹೇಳುತ್ತದೆ. ಮೂಟೆಗೆ ಒತ್ತುಕೊಟ್ಟ ಕಲ್ಲನ್ನೇ ಕಿತ್ತವನಿಗೆ ಮಾತ್ರ ಯಾವ ಸೂತ್ರವೂ ಬೇಕಿಲ್ಲ!

2024ರ ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಆದದ್ದು ಅದು. ಹೆದ್ದಾರಿ ಅಗಲಿಸಲು ಬುಡ ಕಡಿದ ಗುಡ್ಡ, ಮೇಲೆ ಜಡಿಮಳೆ. ರಸ್ತೆ ಬದಿಯ ಚಹದಂಗಡಿಯವರು, ಲಾರಿ ಡ್ರೈವರುಗಳು ಮಣ್ಣಿನ ಪಾಲಾದರು. ಗಂಗಾವಳಿ ಹೊಳೆಯ ತಳದಿಂದ ಒಂದು ಲಾರಿಯನ್ನು ಎತ್ತಿದ್ದು ಸೆಪ್ಟೆಂಬರ್ 25ರಂದು. ಮ್ಯಾಂಗನೀಸ್ ಅಗೆದ ಕುಂಸಿಯ ಜನಕ್ಕೆ ಬುಡ ಕೆದಕಿದ ದಿಬ್ಬದ ಗುಣ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಘಾಟಿಗಳಲ್ಲಿ ಗುದ್ದಲಿ ಬೀಳುವ ಮೊದಲು ಪ್ರತಿ ತಿರುವಿನ ಮಣ್ಣು, ಓರೆ, ಒಳನೀರಿನ ಪರೀಕ್ಷೆಯಾಗಲಿ. ಮಳೆ, ಕಂಪನ ಎರಡನ್ನೂ ಸೇರಿಸಿ ಲೆಕ್ಕ ಹಾಕಲಿ. ಆ ಲೆಕ್ಕ ಕನ್ನಡದಲ್ಲಿ ಅಚ್ಚಾಗಿ ಪಂಚಾಯತಿಯ ಗೋಡೆಗೂ ಘಾಟಿಯ ಚಹದಂಗಡಿಗೂ ಬರಲಿ. ಅದು ಬರುವವರೆಗೆ ಕಂಟ್ರಾಕ್ಟರನ ಬಿಲ್ಲು ಪಾಸಾಗಕೂಡದು.